ನೂರಕ್ಕೆ ಮೂರು ಮುರುಕು

ಹದಿನಾಲ್ಕು ತಿಂಗಳಲ್ಲಿ ಶೇಖರಮ್ಮ ತನ್ನ ಕ್ರೆಡಿಟ್ ಕಾರ್ಡಿಗೆ ಇಪ್ಪತ್ತೇಳು ಸಾವಿರದ ಇನ್ನೂರು ರೂಪಾಯಿ ಕಟ್ಟಿದಳು. ನಲವತ್ತು ಸಾವಿರವಿದ್ದ ಬಾಕಿ ಮೂವತ್ತನಾಲ್ಕು ಸಾವಿರದ ಮುನ್ನೂರ ಎಪ್ಪತ್ತಾರಕ್ಕೆ ಇಳಿಯಿತು. ತಿಂಗಳಿಗೆ ಕನಿಷ್ಠ ಮೊತ್ತ ಕಟ್ಟಿದರೆ ಸಾಕೆಂದು ಕಾರ್ಡು ಕೊಟ್ಟವನು ಹೇಳಿದ್ದ.

ಮಸ್ಕಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶೇಖರಮ್ಮನ ರೊಟ್ಟಿ ಮನೆ. ಮನೆಯೆಂದರೆ ತಗಡು ಹೊದಿಸಿದ ಉದ್ದನೆಯ ಚಪ್ಪರ, ನಾಲ್ಕು ಒಲೆ, ನಾಲ್ಕು ಹಂಚು, ಶೇಖರಮ್ಮನೂ ಸೇರಿ ನಾಲ್ವರು ಹೆಂಗಸರು. ಬೆಳಗಿನ ಐದಕ್ಕೆ ಅಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಆ ಸದ್ದಿಗೆ ಓಣಿಯ ಮಂದಿ ಏಳುತ್ತಾರೆ, ಅದು ನಿಂತಾಗ ಊಟಕ್ಕೆ ಕೂಡುತ್ತಾರೆ. ಶೇಖರಮ್ಮನ ಬಲಗಡೆಯ ಒಲೆ ಮಾಸುಂಬಿಯದು. ಎಂಟು ವರ್ಷದಿಂದ ಜೊತೆಗೆ ಬಡಿಯುತ್ತಿರುವವಳು. ಓದಿದ್ದು ಏಳನೆಯ ತರಗತಿಯವರೆಗೆ. ನಾಲಗೆ ಮಾತ್ರ ಕಾಲೇಜು ಮುಗಿಸಿದೆ.

ಅಲ್ಲಿಯ ಖಡಕ್ ರೊಟ್ಟಿ ನೂರು ನೂರರ ಗಂಟಾಗಿ, ಬಿಳಿ ಅರಿವೆಯಲ್ಲಿ ಕಟ್ಟಿಸಿಕೊಂಡು, ಲಿಂಗಸುಗೂರಿನ ಖಾನಾವಳಿಗೆ, ಸಿಂಧನೂರಿನ ಅಕ್ಕಿ ಗಿರಣಿಗಳ ಮೆಸ್ಸಿಗೆ ಬಸ್ಸಿನಲ್ಲಿ ಹೋಗುತ್ತದೆ. ರಸ್ತೆ ಹೇಗಿದೆಯೆಂದು ಬಸ್ಸಿನಲ್ಲಿ ಕೂತವರಿಗೆ ಗೊತ್ತು. ರಸ್ತೆ ಉದ್ಘಾಟಿಸಿದವರಿಗೆ ಗೊತ್ತಿಲ್ಲ. ಗಂಟಿನಲ್ಲಿ ಎರಡು ಮೂರು ರೊಟ್ಟಿ ಮುರಿದೇ ಮುರಿಯುತ್ತವೆ. ಹಾಗಾಗಿ ಈ ಕಸುಬಿನಲ್ಲಿ ಒಂದು ಪದ್ಧತಿ ಬಂದಿದೆ: ನೂರು ರೊಟ್ಟಿಯ ಮೇಲೆ ಮೂರು ಹೆಚ್ಚಿಗೆ ಇಟ್ಟು ಗಂಟು ಕಟ್ಟಬೇಕು. ಅದಕ್ಕೆ ಮುರುಕು ಎನ್ನುತ್ತಾರೆ. ಮುರುಕು ಒಂದೇ ಸಲ. ಗಂಟು ಹೊಸ್ತಿಲು ದಾಟಿದ ಮೇಲೆ ಕೊಂಡವನು ಕೇಳುವಂತಿಲ್ಲ, ಕೊಟ್ಟವಳು ಕೊಡುವಂತಿಲ್ಲ.

ಶೇಖರಮ್ಮ ತಪ್ಪಿದ್ದು ಇಲ್ಲಿಯೇ.

ಹೋದ ವರ್ಷ ಮಾಸುಂಬಿಯ ರಟ್ಟೆ ಹಿಡಿದುಕೊಂಡಿತು. ಬಿಸಿನೀರು ಹಾಕಿ ಜೋಳದ ಹಿಟ್ಟು ನಾದುವುದು ಗಂಡಸರು ದೂರದಿಂದ ನೋಡಿ ಹೊಗಳುವ ಕೆಲಸ. ಹಿಟ್ಟು ನಾದುವ ಯಂತ್ರಕ್ಕೆ ನಲವತ್ತು ಸಾವಿರ ಎಂದು ಅಂಗಡಿಯವನು ಹೇಳಿದ ವಾರವೇ ಲಿಂಗಸುಗೂರಿನಿಂದ ಚನ್ನವೀರ ಬಂದ. ಕೊರಳಲ್ಲಿ ಬ್ಯಾಂಕಿನ ಪಟ್ಟಿ, ಕೈಯಲ್ಲಿ ಟ್ಯಾಬು, ಬಾಯಲ್ಲಿ ಅಕ್ಕಾ.

"ಬಡ್ಡಿ ಎಷ್ಟಪ್ಪಾ ತಮ್ಮಾ?" ಎಂದು ಕೇಳಿದ್ದಳು ಶೇಖರಮ್ಮ.

"ನೂರಕ್ಕ ಮೂರೂವರಿ ಅಕ್ಕಾ. ಅಷ್ಟ."

"ನಾವು ಮೂರು ಕೊಡ್ತೀವಿ, ನೀವು ಮೂರೂವರಿ ತಗೋತೀರಿ. ನಿಮ್ಮ ರಸ್ತಾ ನಮ್ಮದಕ್ಕಿಂತ ಕೆಟ್ಟೈತಿ ಅನ್ನು!"

ಚನ್ನವೀರನಿಗೆ ತಿಳಿಯಲಿಲ್ಲ. ಆದರೂ ನಕ್ಕ. "ಆದ್ರ ಅಕ್ಕಾ, ಇದನ್ನ ಸಾಲ ಅನ್ನಬ್ಯಾಡ್ರಿ. ಸೌಲಭ್ಯ ಅನ್ರಿ."

ಸಾಲ ಅಂದಿದ್ದರೆ ಶೇಖರಮ್ಮ ಸುಮ್ಮನೆ ಬಿಡುವವಳಲ್ಲ. ತಿಂಗಳಿಗೋ ವರ್ಷಕ್ಕೋ, ಮೊದಲೇ ಮುರಿದುಕೊಳ್ಳುತ್ತೀಯೋ, ಅಸಲು ಇಳಿದರೆ ಬಡ್ಡಿ ಇಳಿಯುತ್ತದೋ, ಹತ್ತು ಪ್ರಶ್ನೆ ಕೇಳಿ ಬೆವರಿಳಿಸುತ್ತಿದ್ದಳು. ಸಾಲಕ್ಕೆ ಪ್ರಶ್ನೆಗಳಿವೆ; ಸೌಲಭ್ಯ ಅಂದಕೂಡಲೇ ಬಡವರ ಬಾಯಿಂದ ಉಪಕಾರವಾಯಿತು ಎಂಬುದೊಂದೇ ಮಾತು ಬರುವ ಹಾಗೆ ಈ ದೇಶ ನಮ್ಮನ್ನು ಪಳಗಿಸಿದೆ. ಅವಳು ಮನಸ್ಸಿನಲ್ಲೇ ಕೂಡಿಸಿದಳು. ನಲವತ್ತು ಸಾವಿರಕ್ಕೆ ಮುರುಕು ಸಾವಿರದ ನಾನೂರು. ಒಟ್ಟು ನಲವತ್ತೊಂದು ಸಾವಿರದ ನಾನೂರು. ಮುಗಿಯಿತು.

"ತಿಂಗಳಾ ಮೊಬೈಲಿಗೆ ಎರಡು ನಂಬರ್ ಬರ್ತಾವ ಅಕ್ಕಾ," ಎಂದು ಹೋಗುವಾಗ ಚನ್ನವೀರ ಹೇಳಿದ. "ದೊಡ್ಡದನ್ನ ನೋಡಿ ಎದಿ ಒಡಕೋಬ್ಯಾಡ್ರಿ. ಸಣ್ಣದು ಕನಿಷ್ಠ ಮೊತ್ತ. ಅದನ್ನ ಕಟ್ರಿ, ಸಾಕು."

ಆ ಕಾರ್ಡು ಉಜ್ಜಿ ಯಂತ್ರ ತಂದಳು. ಅವನು ಹೇಳಿದಂತೆಯೇ ಕಟ್ಟಿದಳು. ಒಂದು ತಿಂಗಳೂ ತಪ್ಪಲಿಲ್ಲ. ಕಟ್ಟಿದಾಗಲೆಲ್ಲ ಒಲೆಯ ಹಿಂದಿನ ಗೋಡೆಗೆ ಸುಣ್ಣದ ಒಂದು ಗೀಟು. ಮೊದಲ ಸಲ ಎರಡು ಸಾವಿರದ ಎಂಬತ್ತೆರಡು ಇದ್ದದ್ದು ಬರಬರುತ್ತಾ ಸಾವಿರದ ಎಂಟುನೂರಕ್ಕೆ ಇಳಿದಾಗ ಬ್ಯಾಂಕು ತನ್ನ ಪ್ರಾಮಾಣಿಕತೆಗೆ ಮೆಚ್ಚಿದೆ ಎಂದುಕೊಂಡಳು. ಅಂಚೆಯಲ್ಲಿ ಬಂದ ಹದಿನಾಲ್ಕು ಕವರುಗಳನ್ನು ಒಡೆಯದೆ ಮಡಿಚಿ, ಹಿಟ್ಟಿನ ಡಬ್ಬಿಯ ಸಡಿಲ ಮುಚ್ಚಳಕ್ಕೆ ಸಿಕ್ಕಿಸಿದ್ದಳು. ಅವಳ ಲೆಕ್ಕದಲ್ಲಿ ಉಳಿದದ್ದು ಹದಿನಾಲ್ಕು ಸಾವಿರದ ಇನ್ನೂರು.

ಅಷ್ಟರಲ್ಲಿ ಸಿಂಧನೂರಿನ ಅಂಗಡಿಯ ಮಾತು ಬಂತು. ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹಸಿರು ಬಣ್ಣದ ಬಾಗಿಲು. ಮಾಲೀಕ ಅಮರಗುಂಡಪ್ಪ ಇಪ್ಪತ್ತು ಸಾವಿರ ಮುಂಗಡ ಕೇಳಿದ್ದ. ಸೋಮವಾರದ ಒಳಗೆ ಕೊಡದಿದ್ದರೆ ಮೊಬೈಲ್ ಅಂಗಡಿಯವನಿಗೆ ಕೊಡುತ್ತೇನೆಂದಿದ್ದ. ಶೇಖರಮ್ಮನ ಖಾತೆಯಲ್ಲಿ ಮೂವತ್ತೈದು ಸಾವಿರವಿತ್ತು. ಮುಂಗಡಕ್ಕೆ ಇಪ್ಪತ್ತು, ಕಪಾಟು, ತಕ್ಕಡಿ, ಹೆಸರಿನ ಫಲಕಕ್ಕೆ ಹದಿನೈದು. ಎಂಟು ವರ್ಷದ ಬೆವರು ಅದು. ರೊಟ್ಟಿ ಮಾರುವವರ ಹೆಸರಿನಲ್ಲಲ್ಲ, ಬಡಿದವಳ ಹೆಸರಿನಲ್ಲಿ ಒಂದು ಅಂಗಡಿ ಆಗಬೇಕೆಂಬುದು ಅವಳ ಆಸೆ.

ಗುರುವಾರ ಚನ್ನವೀರ ಫೋನು ಮಾಡಿ, "ನಿಮ್ಮ ರೊಕ್ಕ ಯಾಕ ಮುಟ್ತೀರಿ ಅಕ್ಕಾ? ಕಾರ್ಡಿನ ಮಿತಿ ಲಕ್ಷಕ್ಕ ಏರಸ್ತೀನಿ. ಮುಂಗಡ ಅದರಾಗ ತಗೀರಿ. ಸೋಮವಾರ ಬರ್ತೀನಿ," ಎಂದ. ಶೇಖರಮ್ಮ ಹೂಂ ಅಂದಿದ್ದಳು.

ಶುಕ್ರವಾರ ಮಸ್ಕಿ ಸಂತೆ. ಲಿಂಗಸುಗೂರಿನ ಖಾನಾವಳಿ ಪಂಪಾಪತಿ ಉಳ್ಳಾಗಡ್ಡಿ ಚೀಲ ಹೊರಿಸಿಕೊಂಡು ರೊಟ್ಟಿ ಮನೆಗೆ ಬಂದ. ವಾರಕ್ಕೆ ಮುನ್ನೂರು ರೊಟ್ಟಿ ಒಯ್ಯುವ ಗಿರಾಕಿ. ದುಡ್ಡು ಹೊತ್ತಿಗೆ ಸರಿಯಾಗಿ ಕೊಡುತ್ತಾನೆ, ಆದರೆ ಕೆಣಕದೆ ಕೊಡುವುದಿಲ್ಲ.

"ಶೇಖರಕ್ಕಾ, ಹೋದ ತಿಂಗಳು ಒಯ್ದ ನೂರು ರೊಟ್ಟಿದು ಮುರುಕು ಕೊಡು."

"ಅವತ್ತ ಕೊಟ್ಟೀನಲ್ಲೋ. ಮ್ಯಾಲೆ ಮೂರು ಇಟ್ಟು ಕಟ್ಟೀನಿ."

"ಅದು ಹೋದ ತಿಂಗಳದ್ದು. ಈ ತಿಂಗಳದ್ದು ಕೊಡು. ಗಂಟಿನ್ಯಾಗ ಇನ್ನ ಎಂಟು ರೊಟ್ಟಿ ಉಳದಾವ. ಕೂತಲ್ಲೇ ಮುರಿಯಾಕತ್ಯಾವ."

"ಎಂಟು ಉಳದ್ರ ಎಂಟಕ್ಕ ಕೇಳು. ನೂರಕ್ಕ ಯಾಕ ಕೇಳ್ತಿ?"

"ಒಂದು ಉಳದ್ರೂ ಗಂಟು ಗಂಟ ಅಲ್ಲೇನು? ಬರೋ ತಿಂಗಳಾನೂ ಕೇಳ್ತೀನಿ. ಆ ಮುರುಕಿಗೂ ಒಂದೀಟು ಮುರುಕು ಕೇಳ್ತೀನಿ."

ಹೆಂಗಸರು ನಗತೊಡಗಿದರು. ಶೇಖರಮ್ಮ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಏನಲೇ ಪಂಪಾಪತಿ! ಒಮ್ಮೆ ಕೊಟ್ಟ ನೂರಕ್ಕ ತಿಂಗಳಾ ತಿಂಗಳಾ ಮೂರು ಕೊಡಕೋಂತ ಕುಂತ್ರ, ನಾ ರೊಟ್ಟಿ ಮಾರಾಕಿ ಅಲ್ಲ, ನಿನ್ನ ಮನ್ಯಾಗ ಜೀತಕ್ಕ ಇದ್ದಾಕಿ ಆಕ್ಕೀನಿ! ಹಂಗ ಕೇಳಾವ ಯಾವನಾರ ಅದಾನೇನು ಈ ಜಿಲ್ಲಾದಾಗ?"

ಪಂಪಾಪತಿ ಕೈಯೆತ್ತಿ ಸೋತೆ ಎಂದ. ಎಲ್ಲರೂ ನಗುತ್ತಿರುವಾಗ ಮಾಸುಂಬಿ ಮಾತ್ರ ನಗಲಿಲ್ಲ. ಎರಡೂ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿದ್ದವು.

"ಅಕ್ಕಾ," ಎಂದಳು. "ಕಾರ್ಡಿನವ ನೂರಕ್ಕ ಮೂರೂವರಿ ಅಂದಿದ್ನಲ್ಲ. ಒಂದು ಸಲ ಅಂದ್ನಾ, ತಿಂಗಳಾ ತಿಂಗಳಾ ಅಂದ್ನಾ?"

ಶೇಖರಮ್ಮನ ಒಲೆಯ ಹಂಚಿನ ಮೇಲಿದ್ದ ರೊಟ್ಟಿ, ಎಂಟು ವರ್ಷದಲ್ಲಿ ಮೊದಲ ಸಲ, ಕರಕಾಯಿತು.

ಹಿಟ್ಟಿನ ಡಬ್ಬಿಯ ಮುಚ್ಚಳದಿಂದ ಕವರುಗಳನ್ನು ಕಿತ್ತರು. ಒಳಗಿನ ಕಾಗದ ಇಂಗ್ಲಿಷು. ಮುಂದಿನ ಪುಟದಲ್ಲಿ ನಗುವ ದಂಪತಿಯ ಚಿತ್ರ ದೊಡ್ಡದು, ಕೊನೆಯ ಪುಟದ ಅಕ್ಷರ ಸಾಸಿವೆಗಿಂತ ಸಣ್ಣದು. ಎದುರಿನ ಗಡಿಯಾರ ರಿಪೇರಿ ಅಂಗಡಿಯಿಂದ ಜಿಲಾನಿಸಾಬನನ್ನು ಕರೆದರು. ಗಡಿಯಾರಗಳ ಜೊತೆ ಬರುವ ಕಾಗದ ಓದೋದಿ ಇಂಗ್ಲಿಷು ಕಲಿತ ಮುದುಕ. ಕಣ್ಣಿಗೆ ಸಿಕ್ಕಿಸುವ ದುರ್ಬೀನನ್ನು ಸಿಕ್ಕಿಸಿಕೊಂಡೇ ಓಣಿ ದಾಟಿ ಬಂದ.

"ಯಾ ಅಲ್ಲಾ," ಎಂದ ಕಾಗದದ ಮೇಲೆ ಬಾಗಿ. "ಮೂವತ್ತು ವರ್ಷ ಗಡಿಯಾರದ ಹಲ್ಲು ನೋಡೀನಿ. ಇಷ್ಟು ಸಣ್ಣ ಹಲ್ಲು ನೋಡಿಲ್ಲ."

"ಹಲ್ಲು ಇರ್ಲಿ ಚಾಚಾ, ಕಚ್ಚಿದ್ದೆಷ್ಟು ಹೇಳು," ಎಂದಳು ಮಾಸುಂಬಿ.

ಅವನು ಬೆರಳಿಟ್ಟು ಓದಿದ. ಓದಿದ್ದನ್ನು ಕನ್ನಡ ಮಾಡಿದ. "ಪೂರಾ ಬಾಕಿ ಕಟ್ಟಿದವರಿಗಿ ಬಡ್ಡಿ ಇಲ್ಲ. ಒಂದು ರೂಪಾಯಿ ಉಳಿಸಿದ್ರೂ, ಮಾಲು ಕೊಂಡ ದಿನದಿಂದ ಬಡ್ಡಿ. ನೂರಕ್ಕ ಮೂರೂವರಿ." ಮತ್ತೆ ಕಾಗದಕ್ಕೆ ಬಾಗಿದ. "ತಿಂಗಳಿಗಿ, ಶೇಖರಮ್ಮಾ. ತಿಂಗಳಿಗಿ. ಪಕ್ಕದಾಗ ಬರದಾರ: ವರ್ಷಕ್ಕ ನಲವತ್ತೆರಡು."

"ನಲವತ್ತೆರಡಾ!" ಪಂಪಾಪತಿ ಉಳ್ಳಾಗಡ್ಡಿ ಚೀಲದ ಮೇಲೆ ಕುಸಿದು ಕೂತ. "ನಮ್ಮೂರಾಗ ಎರಡು ರೂಪಾಯಿ ಬಡ್ಡಿ ತಗೊಳ್ಳಾವ ಒಬ್ಬ ಅದಾನ. ಅವನ್ನ ಕಂಡ್ರ ಮಂದಿ ಥೂ ಅಂತಾರ. ಇವ್ರು ಮೂರೂವರಿ ತಗೊಂಡು ಮ್ಯಾಲೆ ಕ್ಯಾಲೆಂಡರ್ ಕೊಡ್ತಾರ, ನಾವು ಗೋಡೆಗಿ ಹಾಕ್ಕೋತೀವಿ!"

"ಇನ್ನ ಐತಿ ತಡೀ," ಎಂದ ಜಿಲಾನಿಸಾಬ. "ಆ ಬಡ್ಡಿ ಮ್ಯಾಲೆ ಸರಕಾರದ ತೆರಿಗಿ. ಬಡ್ಡಿ ನೂರಿದ್ರ ತೆರಿಗಿ ಹದಿನೆಂಟು. ಎರಡೂ ಸೇರಿ ನಾಲ್ಕು ದಾಟ್ತದ."

ಶೇಖರಮ್ಮ ಸುಮ್ಮನೆ ಗೋಡೆಯ ಹದಿನಾಲ್ಕು ಗೀಟುಗಳನ್ನು ನೋಡುತ್ತಿದ್ದಳು. ಉಳಿದವರು ಅವಳು ಅಳುತ್ತಾಳೆಂದು ಕಾದರು. ಅವಳು ಸೆರಗು ಸಿಕ್ಕಿಸಿದಳು.

"ಮಾಸುಂಬಿ, ಆ ಬಿಳಿ ಅರಿವಿ ಹಾಸು. ನೂರು ರೊಟ್ಟಿ ತಾ. ನನಗ ಶೇಕಡಾ ಗೀಕಡಾ ತಿಳಿಯಂಗಿಲ್ಲ. ರೊಟ್ಟಿ ತಿಳಿತೈತಿ."

ಚಪ್ಪರದ ನಡುವೆ ಅರಿವೆ ಹಾಸಿದರು. ನೂರು ರೊಟ್ಟಿಯ ಒಂದು ಗುಡ್ಡೆ ಇಟ್ಟರು. ಅದು ಸಾಲ. ನಲವತ್ತು ಸಾವಿರಕ್ಕೆ ನೂರು ರೊಟ್ಟಿಯಾದರೆ ಒಂದು ರೊಟ್ಟಿಗೆ ನಾನೂರು ರೂಪಾಯಿ. ತಿಂಗಳಿಗೆ ಬಡ್ಡಿ ತೆರಿಗೆ ಸೇರಿ ನಾಲ್ಕು ರೊಟ್ಟಿ ಗುಡ್ಡೆಯ ಮೇಲೆ ಬೀಳಬೇಕು. ಶೇಖರಮ್ಮ ಕಟ್ಟುವ ಕನಿಷ್ಠ ಮೊತ್ತ ನೂರಕ್ಕೆ ಐದು, ಅಂದರೆ ಐದು ರೊಟ್ಟಿ ಗುಡ್ಡೆಯಿಂದ ತೆಗೆದು ಆಚೆ ಬ್ಯಾಂಕಿನ ಬುಟ್ಟಿಗೆ. ಚೂರುಪಾರು ಬಿಟ್ಟುಬಿಡೋಣ ಎಂದ ಜಿಲಾನಿಸಾಬ.

"ನಾನು ಬ್ಯಾಂಕು," ಎಂದು ಪಂಪಾಪತಿ ಕಾಲು ಮಡಿಚಿ ಬುಟ್ಟಿಯ ಹಿಂದೆ ಕೂತ. ಹೆಗಲಮೇಲಿನ ಟವೆಲನ್ನು ಕೊರಳಿಗೆ ಟೈ ಕಟ್ಟಿಕೊಂಡ.

"ಮೊದಲನೇ ತಿಂಗಳು!" ಮಾಸುಂಬಿ ಕೂಗಿದಳು. ನಾಲ್ಕು ಬಿದ್ದವು, ಐದು ಹೋದವು.

"ಎರಡನೇ ತಿಂಗಳು!" ನಾಲ್ಕು ಬಿದ್ದವು, ಐದು ಹೋದವು.

"ಥ್ಯಾಂಕ್ಯೂ ಮೇಡಂ," ಎಂದ ಪಂಪಾಪತಿ ಪ್ರತಿ ಸಲ, ಎದೆಯ ಮೇಲೆ ಕೈಯಿಟ್ಟು. "ನಿಮ್ಮಂಥ ಗಿರಾಕಿ ನಮ್ಮ ಭಾಗ್ಯ."

ಸಂತೆಗೆ ಬಂದವರು ನಿಂತು ನೋಡತೊಡಗಿದರು. ಐದನೆಯ ತಿಂಗಳಿಗೆ ಒಬ್ಬ ಬಳಗಾನೂರಿನ ರೈತ, "ಇದೇನಾಟರೀ?" ಎಂದು ಕೇಳಿದ. "ಬ್ಯಾಂಕಿನಾಟ. ಕುಂತು ನೋಡು, ಟಿಕೇಟಿಲ್ಲ," ಎಂದಳು ಮಾಸುಂಬಿ. ಹತ್ತನೆಯ ತಿಂಗಳಿಗೆ ಚಪ್ಪರ ತುಂಬಿತ್ತು. ನಾಲ್ಕು ಬಿದ್ದಾಗ ಮಂದಿ "ಬಂತಪ್ಪೋ" ಎಂದರು, ಐದು ಹೋದಾಗ "ಹೋತಪ್ಪೋ" ಎಂದರು. ಹದಿನಾಲ್ಕನೆಯ ತಿಂಗಳು ಮುಗಿಯಿತು. ಸಾಲದ ಗುಡ್ಡೆಯನ್ನು ಶೇಖರಮ್ಮನೇ ಎಣಿಸಿದಳು. ಬ್ಯಾಂಕಿನ ಬುಟ್ಟಿಯನ್ನು ಜಿಲಾನಿಸಾಬ ಎಣಿಸಿದ.

"ಬುಟ್ಟ್ಯಾಗ ಎಪ್ಪತ್ತು," ಎಂದ.

"ಗುಡ್ಡ್ಯಾಗ ಎಂಬತ್ತಾರು," ಎಂದಳು.

ನೂರು ತಂದು, ಎಪ್ಪತ್ತು ಕೊಟ್ಟು, ಇನ್ನೂ ಎಂಬತ್ತಾರು ಕೊಡಬೇಕು. ಬಳಗಾನೂರಿನ ರೈತ ಬೆರಳು ಮಡಿಚಿ ಬಿಚ್ಚಿ, "ಇದು ಲೆಕ್ಕ ಅಲ್ಲ ಬಿಡ್ರಿ, ಮಾಟ," ಎಂದ.

"ಎಂಬತ್ತಾರನ್ನ ನಾನೂರರಿಂದ ಗುಣಸು ಚಾಚಾ," ಎಂದಳು ಮಾಸುಂಬಿ.

"ಮೂವತ್ನಾಕು ಸಾವಿರದ ನಾನೂರು."

"ಕಾಗದದಾಗ ಎಷ್ಟೈತಿ?"

ಜಿಲಾನಿಸಾಬ ದುರ್ಬೀನು ಸಿಕ್ಕಿಸಿಕೊಂಡ. ಎರಡು ಸಲ ನೋಡಿದ. "ಮೂವತ್ನಾಕು ಸಾವಿರದ ಮುನ್ನೂರಾ ಎಪ್ಪತ್ತಾರು."

ಶೇಖರಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಇಪ್ಪತ್ನಾಕು ರೂಪಾಯಿ! ಯವ್ವಾ, ಬ್ಯಾಂಕಿನ ಕಂಪ್ಯೂಟರಿಗೂ ನನ್ನ ರೊಟ್ಟಿಗೂ ಇಪ್ಪತ್ನಾಕು ರೂಪಾಯಿ ಫರಕು! ನನಗ ತಿಳಿಯಂಗಿಲ್ಲ ಅಂತ ಹದಿನಾಲ್ಕು ತಿಂಗಳು ದೊಡ್ಡ ನಂಬರ್ ನೋಡಲಿಲ್ಲಲ್ಲ ನಾನು!"

ಆ ನಗುವಿನಲ್ಲಿ ಸಿಟ್ಟು ಇರಲಿಲ್ಲವೆಂದಲ್ಲ. ಆದರೆ ಮೋಸ ಹೋದೆ ಎಂಬ ಸಂಕಟಕ್ಕಿಂತ ತಿಳಿಯಿತು ಎಂಬ ಖುಷಿ ದೊಡ್ಡದು. ತಿಳಿಯದ ಹಾಗೆ ಬರೆದವರೇ ನಮಗೆ ತಿಳಿಯುವುದಿಲ್ಲವೆಂದು ಸಾರುತ್ತಾರೆ. ಅವರ ಸಾಸಿವೆ ಅಕ್ಷರ ಆ ದಿನ ಮಸ್ಕಿಯ ಸಂತೆಯಲ್ಲಿ, ಹಾಸಿದ ಅರಿವೆಯ ಮೇಲೆ, ರೊಟ್ಟಿಯಷ್ಟು ದೊಡ್ಡದಾಗಿ ಕಂಡಿತ್ತು.

"ಈ ಎಂಬತ್ತಾರೂ ಇವತ್ತ ಕೊಟ್ರ?" ಎಂದು ಶೇಖರಮ್ಮ ಕೇಳಿದಳು.

"ಆಟ ಬಂದ್," ಎಂದ ಜಿಲಾನಿಸಾಬ. "ಕಾಗದ ಬಂದಾಗಿಂದ ಇವತ್ತಿನ ತನಕದ ಬಡ್ಡಿ ಒಂದು ತುಣುಕು ಮುಂದಿನ ತಿಂಗಳು ಬರ್ತದ. ಅದನ್ನೂ ಪೂರಾ ಕಟ್ಟು. ಆಮ್ಯಾಲೆ ಸೊನ್ನಿ."

"ನನ್ನ ಖಾತೆದಾಗ ಮೂವತ್ತೈದು ಸಾವಿರ ಐತಲ್ಲ, ಅದಕ್ಕ ಬ್ಯಾಂಕು ಎಷ್ಟು ಕೊಡ್ತದ?"

"ವರ್ಷಕ್ಕ ನೂರಕ್ಕ ಮೂರೂ ದಾಟಂಗಿಲ್ಲಮ್ಮಾ."

"ನನ್ನ ರೊಕ್ಕಕ್ಕ ವರ್ಷಕ್ಕ ಮೂರು. ಅವರ ರೊಕ್ಕಕ್ಕ ತಿಂಗಳಿಗಿ ಮೂರೂವರಿ." ಶೇಖರಮ್ಮ ಎದ್ದು ನಿಂತಳು. "ನನ್ನ ರೊಕ್ಕೇನು ಸೆಗಣಿ ಕುಳ್ಳೇನು?"

ಆದರೆ ಆ ಮೂವತ್ತೈದು ಸಾವಿರ ಹೋದರೆ ಸಿಂಧನೂರಿನ ಅಂಗಡಿ ಹೋಯಿತು. ಚಪ್ಪರದಲ್ಲಿದ್ದ ಹೆಂಗಸರಿಗೆಲ್ಲ ಆ ಹಸಿರು ಬಾಗಿಲು ಗೊತ್ತಿತ್ತು. ಬಸ್ಸಿನ ಕಿಟಕಿಯಿಂದ ಎಲ್ಲರೂ ಒಂದೊಂದು ಸಲ ನೋಡಿ ಬಂದಿದ್ದರು. ಮಾಸುಂಬಿ ತಲೆ ತಗ್ಗಿಸಿದಳು. "ನನ್ನ ರಟ್ಟಿ ಸಲುವಾಗಿ ಅಲ್ಲೇನಕ್ಕಾ ಆ ಮಷಿನ್ನು ತಂದಿದ್ದು," ಎಂದಳು.

"ಸುಮ್ನಿರಬೇ. ನಿನ್ನ ರಟ್ಟಿ ಇದ್ರ ಅಂಗಡಿ."

ಪಂಪಾಪತಿ ಟವೆಲಿನ ಟೈ ಬಿಚ್ಚಿದ. ಗಂಟಲು ಸರಿಮಾಡಿಕೊಂಡ. "ಅಕ್ಕಾ, ಜೋಳದ ರೇಟು ಏರಾಕತ್ತೈತಿ. ಇವತ್ತಿನ ಐದು ರೂಪಾಯಿ ರೇಟಿಗೇ ನಾಲ್ಕು ಸಾವಿರ ರೊಟ್ಟಿ ನನಗ ಕೊಡು. ವಾರಾ ವಾರಾ ಮುನ್ನೂರು. ಇಪ್ಪತ್ತು ಸಾವಿರ ಈಗ ಕೊಡ್ತೀನಿ."

"ಬಡ್ಡಿ?"

"ಬಡ್ಡಿ ಯಾವನಿಗಿ ಬೇಕು? ನೂರಕ್ಕ ಐದು ಮುರುಕು ಕೊಡು."

"ಮೂರು."

"ಮುಂಗಡ ಕೊಡಾಕತ್ತೀನಿ ಅಕ್ಕಾ! ಐದು."

"ಮೂರೂವರಿ ತಗೋ, ನಿನಗ ರೂಢಿ ಆಗೈತಿ, ಈಗಷ್ಟ ಬ್ಯಾಂಕಾಗಿದ್ದಿ."

ಚಪ್ಪರ ಗೊಳ್ಳೆಂದಿತು. "ನಾಲ್ಕು, ಮುಗೀತು," ಎಂದ ಪಂಪಾಪತಿ ಕೈ ಚಾಚಿ.

ಶೇಖರಮ್ಮ ಕೈ ಕೊಡಲಿಲ್ಲ. "ಒಂದು ಸಲಾನೋ, ತಿಂಗಳಾ ತಿಂಗಳಾನೋ?"

"ನಿಮ್ಮವ್ವನಾಣಿ, ಒಂದ ಸಲ!"

"ನಮ್ಮವ್ವನಾಣಿ ಯಾಕ, ನಿಮ್ಮವ್ವನಾಣಿ ಇಡು."

ಇಟ್ಟ. ಕೈಗೆ ಕೈ ಬಡಿದರು, ಹಿಟ್ಟು ಹಾರಿತು. ಬ್ಯಾಂಕಿನ ಬುಟ್ಟಿಯ ಎಪ್ಪತ್ತು ರೊಟ್ಟಿಯನ್ನು ಶೇಖರಮ್ಮ ಯಾರಿಗೂ ಮಾರಲಿಲ್ಲ. ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕೆನೆ ಮೊಸರು ತಂದಿಟ್ಟು, ನಿಂತವರಿಗೆಲ್ಲ ಹಂಚಿದಳು. ಬ್ಯಾಂಕು ನುಂಗಿದ್ದನ್ನು ನಾವೊಮ್ಮೆ ತಿನ್ನೋಣ ಎಂದಳು. ಬಳಗಾನೂರಿನ ರೈತ ಮೂರು ತಿಂದು, ತನ್ನ ಟ್ರ್ಯಾಕ್ಟರಿನ ಕಾಗದವನ್ನು ನಾಳೆ ತರುತ್ತೇನೆ, ಜಿಲಾನಿಸಾಬರ ಕಣ್ಣಿಗೊಮ್ಮೆ ತೋರಿಸಬೇಕು ಎಂದು ಹೇಳಿ ಹೋದ.

ಶನಿವಾರ ಬೆಳಿಗ್ಗೆ ಶೇಖರಮ್ಮ, ಮಾಸುಂಬಿ ಸಿಂಧನೂರಿನ ಬಸ್ಸು ಹತ್ತಿದರು. ಕಾಲುವೆಯ ನೀರು ಬಿಟ್ಟಿದ್ದರು. ದಾರಿಯುದ್ದಕ್ಕೂ ಭತ್ತದ ನಾಟಿ. ಅಮರಗುಂಡಪ್ಪ ನೋಟುಗಳನ್ನು ಎಣಿಸಿ ಬೀಗದ ಕೈ ಕೊಟ್ಟ. ಮುಂಗಡದ ಚೀಟಿ ಬರೆಯುವಾಗ, "ಬಾಡಿಗಿ ವರ್ಷಕ್ಕ ನೂರಕ್ಕ ಐದು ಏರತೈತಿ ಮತ್ತ," ಎಂದ. ಇಬ್ಬರೂ ಹೆಂಗಸರು ಒಟ್ಟಿಗೆ ಕೇಳಿದರು: "ವರ್ಷಕ್ಕೊಂದ ಸಲಾನೋ, ತಿಂಗಳಾ ತಿಂಗಳಾನೋ? ಬರ್ದು ಕೊಡ್ರಿ." ಅಮರಗುಂಡಪ್ಪ ಗಾಬರಿಯಾಗಿ ಬರೆದುಕೊಟ್ಟ. ಕಪಾಟಿಗೆ ದುಡ್ಡಿರಲಿಲ್ಲ. ಬುಟ್ಟಿಯಲ್ಲಿಟ್ಟು ಮಾರಿದರಾಯಿತು ಎಂದಳು ಶೇಖರಮ್ಮ, ಹಸಿರು ಬಾಗಿಲನ್ನು ಒಮ್ಮೆ ತೆರೆದು, ಒಮ್ಮೆ ಮುಚ್ಚಿ, ಮತ್ತೊಮ್ಮೆ ಸುಮ್ಮನೆ ತೆರೆದು.

ಸೋಮವಾರ ಹತ್ತು ಗಂಟೆಗೆ ಚನ್ನವೀರ ಬಂದ. ಚಪ್ಪರದಲ್ಲಿ ಎಂದಿನಂತೆ ನಾಲ್ಕೂ ಒಲೆ ಉರಿಯುತ್ತಿದ್ದವು. ಎದುರಿನ ಅಂಗಡಿಯಲ್ಲಿ ಜಿಲಾನಿಸಾಬ ಗಡಿಯಾರ ಬಿಚ್ಚುತ್ತಿದ್ದರೂ ಕಿವಿ ಈ ಕಡೆಗಿತ್ತು.

"ಕೂಡು ತಮ್ಮಾ. ಬಿಸಿ ರೊಟ್ಟಿ ತಿನ್ನು," ಎಂದಳು ಶೇಖರಮ್ಮ.

ಅವನು ತಿನ್ನುತ್ತಲೇ ಟ್ಯಾಬು ತೆರೆದ. "ಲಕ್ಷಕ್ಕ ಮಂಜೂರ್ ಆಗೈತಿ ಅಕ್ಕಾ. ನಿಮ್ಮದು ಚಲೋ ರೆಕಾರ್ಡು. ಸಾಹೇಬ್ರು ನಿಮ್ಮನ್ನ ಭಾಳ ಹೊಗಳ್ಯಾರ."

"ಹೊಗಳದೇ ಏನು ಮಾಡ್ತಾರ," ಎಂದಳು ಮಾಸುಂಬಿ. "ಎಪ್ಪತ್ತು ರೊಟ್ಟಿ ತಿಂದಾರ."

ಶೇಖರಮ್ಮ ಸೆರಗಿಗೆ ಕೈ ಒರೆಸಿ ಫೋನು ತೆಗೆದಳು. ಬ್ಯಾಂಕಿನ ಸಂದೇಶ ತೆರೆದು, ಮೊದಲ ಸಲ ದೊಡ್ಡ ನಂಬರನ್ನು ಒತ್ತಿದಳು. ಮೂವತ್ತನಾಲ್ಕು ಸಾವಿರದ ಮುನ್ನೂರ ಎಪ್ಪತ್ತಾರು. ಗುಟ್ಟಿನ ಅಂಕಿ ಹಾಕಿದಳು. ಫೋನು ಟಣ್ ಎಂದಿತು. ಒಲೆಗಳ ಮುಂದಿನ ಹೆಂಗಸರು ಕೈಯ ಹಿಟ್ಟು ಕೊಡವಿ ಚಪ್ಪಾಳೆ ತಟ್ಟಿದರು.

ಚನ್ನವೀರನ ಕೈಯ ತುತ್ತು ಹಾಗೇ ನಿಂತಿತು. "ಅಕ್ಕಾ, ಪೂರಾ ಯಾಕ ಕಟ್ಟಿದ್ರಿ? ಸಣ್ಣದು ಕಟ್ಟಿದ್ರ ಸಾಕಿತ್ತಲ್ರೀ!"

"ಯಾರಿಗಿ ಸಾಕಿತ್ತು ತಮ್ಮಾ?"

ಶೇಖರಮ್ಮ ಎದ್ದು ನೂರು ರೊಟ್ಟಿಯ ಕಥೆಯನ್ನು ಅವನ ತಟ್ಟೆಯ ಚೂರುಗಳಲ್ಲೇ ತೋರಿಸಿದಳು. ನಾಲ್ಕು ಬಂತು, ಐದು ಹೋಯಿತು. ಅವನ ತುಟಿ ಅಲುಗುತ್ತಿತ್ತು, ಅವನೂ ಎಣಿಸುತ್ತಿದ್ದ. ಎಣಿಸಿ ಮುಗಿಸಿ ಮೆಲ್ಲಗೆ, "ನಂದೂ ಒಂದು ಕಾರ್ಡು ಐತ್ರಿ ಅಕ್ಕಾ," ಎಂದ. "ಬೈಕಿನ ಮ್ಯಾಲಿಂದು. ನಾನೂ ಸಣ್ಣ ನಂಬರ್ ಕಟ್ಟಾಕತ್ತೀನಿ. ಎರಡು ವರ್ಷಾತು."

ಮಾಸುಂಬಿ ನಗು ತಡೆಯಲಾರದೆ ರೊಟ್ಟಿ ಬಡಿಯುವ ಕೊಣಮಿಗೆಗೆ ಹಣೆ ಹಚ್ಚಿದಳು. ಅವಳನ್ನು ನೋಡಿ ಉಳಿದವರು, ಉಳಿದವರನ್ನು ನೋಡಿ ಕೊನೆಗೆ ಚನ್ನವೀರನೂ ನಕ್ಕ. "ತರಬೇತಿಯಾಗ ವರ್ಷದ್ದು ಹೇಳಬ್ಯಾಡ್ರಿ, ತಿಂಗಳದ್ದು ಹೇಳ್ರಿ, ಅದೂ ಕೇಳಿದ್ರ ಅಷ್ಟ ಹೇಳ್ರಿ ಅಂದಿದ್ರು," ಎಂದ. "ನಾ ಕೇಳಲೇ ಇಲ್ರೀ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಲಿಂಗಸುಗೂರಿನ ಸಾಹೇಬರು. ಕೈಗೆ ಮೊಸರಾಗಿದ್ದರಿಂದ ಚನ್ನವೀರ ಸ್ಪೀಕರಿಗೆ ಹಾಕಿದ.

"ಏನಪ್ಪಾ, ಮಸ್ಕಿ ರೊಟ್ಟಿಯಮ್ಮಂದು ಆಯ್ತಾ? ತಿಂಗಳ ಗುರಿಗೆ ಅದೊಂದೇ ಬಾಕಿ. ನಾನಿಲ್ಲಿಂದಲೇ ಮಿತಿ ಏರಿಸಿದ್ದೀನಿ, ಅವರ ನಂಬರಿಗೆ ಓಟಿಪಿ ಹೋಗಿದೆ. ಕೇಳಿ ತಗೋ."

"ಸಾರ್, ಅವ್ರು ಪೂರಾ ಕಟ್ಯಾರ್ರಿ."

"ಕಟ್ಟಲಿ ಬಿಡು, ಒಳ್ಳೆಯದೇ. ಮಿತಿ ಇದ್ದರೆ ಮತ್ತೆ ತೆಗೀತಾರೆ. ಓಟಿಪಿ ತಗೋ. ಎರಡೇ ನಿಮಿಷ ಇರುತ್ತೆ."

ಶೇಖರಮ್ಮನ ಫೋನಿನಲ್ಲಿ ಆರು ಅಂಕಿ ಬಂದು ಕೂತಿದ್ದವು. ಎದುರಿನ ಅಂಗಡಿಯಲ್ಲಿ ಜಿಲಾನಿಸಾಬ ದುರ್ಬೀನು ತೆಗೆದು ಬಾಗಿಲಿಗೆ ಬಂದಿದ್ದ. ಮಾಸುಂಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಉಳಿದಿಬ್ಬರೂ ನಿಲ್ಲಿಸಿದರು. ಓಣಿಯಲ್ಲಿ ಯಾರೋ ಊಟದ ಹೊತ್ತಾಯಿತೇ ಎಂದು ಕೇಳಿದ್ದು ಕೇಳಿಸಿತು.

"ಅಮ್ಮಾ," ಎಂದರು ಸಾಹೇಬರು ಫೋನಿನಿಂದಲೇ, ಬೆಲ್ಲದ ದನಿಯಲ್ಲಿ, "ಬರೀ ಆರು ಅಂಕಿ. ಹೇಳಿಬಿಡಿ."

ಚನ್ನವೀರ ಅವಳನ್ನು ನೋಡಿದ. ಹೇಳಬ್ಯಾಡ್ರಿ ಎನ್ನುವಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ ಹಾಗಿತ್ತು.

ಶೇಖರಮ್ಮ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲು ಇಟ್ಟಳು. ಒಂದು ಉಂಡೆ ಹಿಟ್ಟು ಹಿಡಿದು ಕೊಣಮಿಗೆಯಲ್ಲಿಟ್ಟು, ಮೊದಲ ಏಟು ಬಡಿದಳು.

"ಹೇಳೂದಿಲ್ಲ," ಎಂದಳು.